ಡ್ರ್ಯಾಗ್ ಕಾರಿನ ಎಂಜಿನ್ ಬಿಸಿಯಾಗುತ್ತಿದೆಯೇ? ಯಾವಾಗ ಅಂತ ಮೊದಲು ನೋಡಿ

ಡ್ರ್ಯಾಗ್ ಕಾರಿನ, ಅಂದರೆ ಚಿಕ್ಕ ನೇರ ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರಿನ, ಎಂಜಿನ್ ಹೀಟ್ ಆಗ್ತಿದೆ ಅಂದ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ. ದೊಡ್ಡ ರೇಡಿಯೇಟರ್ ತಂದು ಕೂರಿಸುತ್ತಾರೆ. ದುಡ್ಡು ಹೋಗುತ್ತದೆ, ಕಾರಿನ ಮೂತಿಗೆ ತೂಕ ಸೇರುತ್ತದೆ, ಮುಂದಿನ ವಾರ ಗೇಜಿನ ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಎಷ್ಟು ಬಿಸಿಯಾಯಿತು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವಾಗ ಬಿಸಿಯಾಯಿತು ಅಂತ ನೋಡಿ. ಓಟದ ಸರದಿ ಸಾಲಿನಲ್ಲಿ ಕಾಯುವಾಗಲೇ ಏರಿತಾ, ಓಟದ ಮಧ್ಯೆ ಎಗರಿತಾ, ಎಂಜಿನ್ ಆರಿಸಿದ ಮೇಲೆ ಏರಿತಾ? ಇಷ್ಟು ಗೊತ್ತಾದರೆ ಹುಡುಕುವ ಜಾಗ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ ವಾರ ವಾರ ಓಡುವ ಬ್ರ್ಯಾಕೆಟ್ (ಮೊದಲೇ ಹೇಳಿದ ಸಮಯಕ್ಕೆ ಓಡುವ ಪೈಪೋಟಿಯ) ಕಾರುಗಳ ಬಗ್ಗೆ. ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8, ಕಬ್ಬಿಣದ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮೈ), ಅದರ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್, ಕಾರ್ಬ್ಯುರೇಟರ್, ಕರೆಂಟಿನಲ್ಲಿ ಓಡುವ ವಾಟರ್ ಪಂಪ್, ಒಂದು ಫ್ಯಾನ್. ಕಾಲು ಮೈಲಿ, ಅಂದರೆ 402 ಮೀಟರ್, ಸುಮಾರು 10 ಸೆಕೆಂಡಿನ ಓಟ. ಟಾಪ್ ಫ್ಯುಯೆಲ್ ಅನ್ನುವ ಅತಿ ವೇಗದ ಡ್ರ್ಯಾಗ್ ಕಾರುಗಳ ಲೋಕವೇ ಬೇರೆ. ಅವುಗಳ ಅಲ್ಯೂಮಿನಿಯಂ ಬ್ಲಾಕಿನಲ್ಲಿ ನೀರು ಹೋಗಲು ದಾರಿಯೇ ಇಲ್ಲ. ಸುರಿಯುವ ನೈಟ್ರೋಮೀಥೇನ್ ಇಂಧನವೇ ಎಂಜಿನ್ ತಣಿಸುತ್ತದೆ. 2008ರಿಂದ ಅವು 1,000 ಅಡಿ ಮಾತ್ರ ಓಡುತ್ತವೆ, ಓಡಿದ ಮೇಲೆ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಅವನ್ನು ಇಲ್ಲಿಗೇ ಬಿಡೋಣ.

ಹತ್ತು ಸೆಕೆಂಡಿನ ಲೆಕ್ಕ

ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು 4.2 ಕಿಲೋಜೂಲ್ ಬೇಕು. ಕಾರಿನಲ್ಲಿ 12 ಲೀಟರ್ ನೀರಿದ್ದರೆ ಡಿಗ್ರಿಗೆ ಸುಮಾರು 50 ಕಿಲೋಜೂಲ್. 600 ಹಾರ್ಸ್‌ಪವರ್ ಎಂಜಿನ್ ಅಂದರೆ 450 ಕಿಲೋವ್ಯಾಟ್. ಚಕ್ರಕ್ಕೆ ಹೋಗುವ ಶಕ್ತಿಯ ಅರ್ಧದಷ್ಟು ನೀರಿನ ಕಡೆಗೆ ಹೋಗುತ್ತದೆ ಅಂತ ಹಿಡಿಯೋಣ. ಹತ್ತು ಸೆಕೆಂಡಿಗೆ 2,250 ಕಿಲೋಜೂಲ್ ಆಯಿತು. ಅಷ್ಟೂ ನೀರೊಂದರಲ್ಲೇ ಸೇರಿದರೆ 45 ಡಿಗ್ರಿ ಏರಬೇಕು. ಆದರೆ ಬ್ಲಾಕಿನ ಕಬ್ಬಿಣ, ಹೆಡ್‌ಗಳ ಅಲ್ಯೂಮಿನಿಯಂ, ಎಣ್ಣೆ, ಇವೆಲ್ಲ ತಮ್ಮ ಪಾಲು ಎಳೆದುಕೊಳ್ಳುತ್ತವೆ. ಇಡೀ ಓಟದುದ್ದಕ್ಕೂ ಪೂರ್ತಿ ಪವರ್ ಕೂಡ ಇರುವುದಿಲ್ಲ. ಹಾಗಾಗಿ ಆರೋಗ್ಯವಾಗಿರುವ ಕಾರಿನಲ್ಲಿ ಒಂದು ಓಟಕ್ಕೆ ಗೇಜು 10ರಿಂದ 20 ಡಿಗ್ರಿ ಏರುವುದು ಮಾಮೂಲಿ.

ಇದರಲ್ಲಿ ರೇಡಿಯೇಟರಿನ ಪಾತ್ರ ಚಿಕ್ಕದು. ಓಟದ ಹೊತ್ತಿನಲ್ಲಿ ಶಾಖವನ್ನು ನೀರು ಮತ್ತು ಲೋಹ ಹೊಟ್ಟೆಗೆ ಹಾಕಿಕೊಳ್ಳುತ್ತವೆ. ರೇಡಿಯೇಟರ್ ದುಡಿಯುವುದು ಓಟಕ್ಕೆ ಮುಂಚೆ, ಸಾಲಿನಲ್ಲಿ, ಮತ್ತು ಓಟ ಮುಗಿದ ಮೇಲೆ, ಕಾರಿನ ಕೆಲಸ ಮಾಡುವ ಜಾಗವಾದ ಪಿಟ್‌ನಲ್ಲಿ. 70 ಡಿಗ್ರಿಗೆ ಹೊರಟ ಕಾರು 85-90ಕ್ಕೆ ಗೆರೆ ದಾಟುತ್ತದೆ. 95ಕ್ಕೆ ಹೊರಟ ಕಾರು ಕುದಿಯುವ ಅಂಚಿನಲ್ಲಿ ದಾಟುತ್ತದೆ. ಎರಡರ ರೇಡಿಯೇಟರೂ ಒಂದೇ ಆಗಿರಬಹುದು.

ಬ್ರ್ಯಾಕೆಟ್ ರೇಸಿಂಗ್‌ನಲ್ಲಿ ಇದಕ್ಕೆ ಇನ್ನೂ ಒಂದು ತೂಕವಿದೆ. ತನ್ನ ಕಾರು ಇಷ್ಟು ಸೆಕೆಂಡಿನಲ್ಲಿ ಓಡುತ್ತದೆ ಅಂತ ಡ್ರೈವರ್ ಮೊದಲೇ ಗಾಜಿನ ಮೇಲೆ ಬರೆದಿರುತ್ತಾನೆ. ಅದಕ್ಕಿಂತ ಬೇಗ ಓಡಿದರೂ ಸೋಲಬಹುದು. ಎಂಜಿನ್ ಒಂದು ರೌಂಡಿಗೆ 65ಕ್ಕೆ, ಇನ್ನೊಂದಕ್ಕೆ 85ಕ್ಕೆ ಹೊರಟರೆ ಸಮಯ ಖಂಡಿತ ಬದಲಾಗುತ್ತದೆ. ಯಾವ ತಾಪಕ್ಕೆ ಹೊರಡಬೇಕು ಅನ್ನುವುದನ್ನು ಒಂದೊಂದು ಎಂಜಿನ್ ಒಂದೊಂದು ಥರ ಹೇಳುತ್ತದೆ. ಹೆಚ್ಚಿನವರು 60ರಿಂದ 75ರ ನಡುವೆ ಒಂದು ಅಂಕಿ ಹಿಡಿಯುತ್ತಾರೆ. ಪ್ರತಿ ಸಲ ಅದೇ ಅಂಕಿಗೆ ಹೊರಡುವುದು ಮುಖ್ಯ.

ಮೊದಲು ಗೇಜನ್ನೇ ಅನುಮಾನಿಸಿ

ಎಂಜಿನ್‌ಗೆ ಕೈ ಹಾಕುವ ಮುಂಚೆ ಗೇಜು ನಿಜ ಹೇಳುತ್ತಿದೆಯಾ ನೋಡಿ. ಫ್ಯಾನ್ ಸ್ವಿಚ್ ಹಾಕಿದ ಕ್ಷಣಕ್ಕೇ ಮುಳ್ಳು ಟಕ್ ಅಂತ ನಾಲ್ಕೈದು ಡಿಗ್ರಿ ಹಾರಿದರೆ ಅದು ಶಾಖವಲ್ಲ. ಅಷ್ಟು ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ. ಅರ್ಥ್ ವೈರ್ ಸರಿ ಇಲ್ಲ ಅಂತ ಅರ್ಥ. ಎಂಜಿನ್ನಿನಿಂದ ಬ್ಯಾಟರಿಗೆ, ಬಾಡಿಯಿಂದ ಬ್ಯಾಟರಿಗೆ ಹೋಗುವ ಅರ್ಥ್‌ಗಳನ್ನು ಬಿಚ್ಚಿ, ಪೇಂಟ್ ಕೆರೆದು, ಮತ್ತೆ ಬಿಗಿ ಮಾಡಿ.

ಸೆನ್ಸರ್ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ ನೋಡುವುದು ಸುಲಭದ ಪರೀಕ್ಷೆ. ಅದರ ಲೋಹದ ಮೈಗೆ ಒಂದು ಅರ್ಥ್ ವೈರ್ ಕೊಡುವುದು ಮರೆಯಬೇಡಿ. ಊರಿನ ಎತ್ತರವೂ ನೆನಪಿರಲಿ. ಸಮುದ್ರ ಮಟ್ಟದಲ್ಲಿ ನೀರು 100ಕ್ಕೆ ಕುದಿದರೆ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಡೆನ್ವರ್‌ನಲ್ಲಿ ಸುಮಾರು 95ಕ್ಕೆ.

ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಗನ್ ಒಳ್ಳೆ ಸಾಧನ. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ಇರುವುದಕ್ಕಿಂತ ತುಂಬಾ ಕಮ್ಮಿ ತೋರಿಸುತ್ತದೆ. ಅಳೆಯುವ ಜಾಗದಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ.

ಇನ್ನೊಂದು ಮೋಸ ಇದೆ, ಅದು ಅಪಾಯದ್ದು. ಸೆನ್ಸರ್ ತುದಿ ನೀರಿನಲ್ಲಿ ಮುಳುಗಿರದೆ ಗಾಳಿ ಗುಳ್ಳೆಯಲ್ಲಿ ನಿಂತಿದ್ದರೆ ಗೇಜು ತಣ್ಣಗೆ ತೋರಿಸುತ್ತಾ ಕೂತಿರುತ್ತದೆ. ಪಕ್ಕದಲ್ಲೇ ಹೆಡ್ ಬೇಯುತ್ತಿರುತ್ತದೆ. ಎಂಜಿನ್ನಿನ ವಾಸನೆ, ಶಬ್ದ, ಮೈಯ ಬಿಸಿ ಒಂದು ಹೇಳಿ ಗೇಜು ಇನ್ನೊಂದು ಹೇಳಿದರೆ ಗೇಜನ್ನು ನಂಬಬೇಡಿ.

ಸಾಲಿನಲ್ಲಿ ಕಾಯುವಾಗ ಏರಿದರೆ

ಓಟ ಚೆನ್ನಾಗಿದೆ, ಆದರೆ ಸಾಲಿನಲ್ಲಿ ನಿಂತಾಗ, ಬರ್ನ್‌ಔಟ್ (ಟೈರ್ ನಿಂತಲ್ಲೇ ಸುತ್ತಿಸಿ ಬಿಸಿ ಮಾಡುವುದು) ಮುಗಿಸಿ ಸ್ಟಾರ್ಟಿಂಗ್ ಲೈನಿಗೆ ಬರುವಷ್ಟರಲ್ಲಿ ಏರಿಬಿಡುತ್ತದೆ ಅನ್ನುವುದು ಎಲ್ಲಕ್ಕಿಂತ ಸಾಮಾನ್ಯ ದೂರು. ಕಾರು ನಿಂತಿರುವಾಗ ರೇಡಿಯೇಟರಿಗೆ ಗಾಳಿ ಕೊಡುವುದು ಫ್ಯಾನ್ ಒಂದೇ. ಹಾಗಾಗಿ ಫ್ಯಾನಿನಿಂದ ಶುರು ಮಾಡಿ.

ಒಂದು ಹಾಳೆಯನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿದು ಬಿಡಿ. ಫ್ಯಾನ್ ಹಿಂದೆ ಇದ್ದರೆ ಹಾಳೆ ಅಂಟಿಕೊಂಡು ನಿಲ್ಲಬೇಕು. ಉದುರಿದರೆ ಗಾಳಿ ಸಾಲದು. ಹಾರಿ ಆಚೆ ಬಿದ್ದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ವೈರಿಂಗ್ ಹೊಸದಾಗಿ ಮಾಡಿದ ಕಾರುಗಳಲ್ಲಿ ಪ್ಲಸ್ ಮೈನಸ್ ಅದಲು ಬದಲಾಗುವುದು ಅಪರೂಪವೇನಲ್ಲ. ಹಾಳೆಯನ್ನು ನಾಲ್ಕು ಮೂಲೆಗೂ ಸರಿಸಿ ನೋಡಿ. ಫ್ಯಾನಿನ ಎದುರು ಮಾತ್ರ ಅಂಟಿ ಮೂಲೆಗಳಲ್ಲಿ ಉದುರಿದರೆ ಶ್ರೌಡ್ (ಫ್ಯಾನನ್ನೂ ರೇಡಿಯೇಟರನ್ನೂ ಸುತ್ತುವರಿಯುವ ಹೊದಿಕೆ) ಇಲ್ಲ ಅಥವಾ ಸಂದಿ ಬಿಟ್ಟಿದೆ. ಶ್ರೌಡ್ ಇಲ್ಲದ ಫ್ಯಾನ್ ತನ್ನ ರೆಕ್ಕೆಯಷ್ಟೇ ಅಗಲದ ಜಾಗವನ್ನು ತಣಿಸುತ್ತದೆ, ಮಿಕ್ಕ ರೇಡಿಯೇಟರ್ ಸುಮ್ನೆ ಕೂತಿರುತ್ತದೆ.

ಫ್ಯಾನ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಸರಿಯಾಗಿ ತಿರುಗುತ್ತಿದೆ ಅಂತಲ್ಲ. ಇಲ್ಲಿ ಮಲ್ಟಿಮೀಟರ್ ಬೇಕು. ಎಷ್ಟೋ ಡ್ರ್ಯಾಗ್ ಕಾರುಗಳಲ್ಲಿ ತೂಕ ಉಳಿಸಲು ಆಲ್ಟರ್ನೇಟರ್ ತೆಗೆದಿರುತ್ತಾರೆ. ಬೆಳಗ್ಗೆ 12.7 ವೋಲ್ಟ್ ಇದ್ದ ಬ್ಯಾಟರಿ, ಪಂಪ್, ಫ್ಯಾನ್, ಫ್ಯುಯೆಲ್ ಪಂಪ್, ಇಗ್ನಿಶನ್ ಎಲ್ಲಾ ಎಳೆಯುವಾಗ ಮಧ್ಯಾಹ್ನದ ಹೊತ್ತಿಗೆ 11.5ಕ್ಕೆ ಇಳಿದಿರುತ್ತದೆ. ವೋಲ್ಟ್ ಇಳಿದರೆ ಸುತ್ತು ಇಳಿಯುತ್ತದೆ, ಸುತ್ತು ಇಳಿದಷ್ಟೂ ಗಾಳಿ ಕಮ್ಮಿ. ಪಂಪ್ ಕಥೆಯೂ ಅದೇ. ಬೆಳಗಿನ ರೌಂಡಿನಲ್ಲಿ ಚೆನ್ನಾಗಿದ್ದು ಮೂರನೇ ರೌಂಡಿನ ಹೊತ್ತಿಗೆ ಬಿಸಿಯಾಗುವ ಕಾರುಗಳಲ್ಲಿ ನಾನು ಮೊದಲು ನೋಡುವುದೇ ಬ್ಯಾಟರಿ.

ಅಳತೆ ಹೀಗೆ ಮಾಡಿ. ಫ್ಯಾನ್ ಆನ್ ಇರಲಿ, ಓಡುತ್ತಿರಲಿ. ಆಫ್ ಇದ್ದಾಗ ಅಳೆದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಫ್ಯಾನ್ ಕನೆಕ್ಟರಿನ ಪ್ಲಸ್‌ಗೆ. ಎಷ್ಟು ತೋರಿಸುತ್ತದೋ ಅಷ್ಟು ವೋಲ್ಟ್ ದಾರಿಯಲ್ಲೇ ನುಂಗಿಹೋಗಿದೆ. ಆಮೇಲೆ ಫ್ಯಾನಿನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ಗೆ ಹೀಗೇ ಅಳೆಯಿರಿ. ಎರಡೂ ಸೇರಿ ಅರ್ಧ ವೋಲ್ಟ್ ದಾಟಿದರೆ ವೈರ್ ತೆಳುವಾಗಿದೆ, ಇಲ್ಲವೇ ರಿಲೇ ಸುಟ್ಟಿದೆ, ಇಲ್ಲವೇ ಕ್ರಿಂಪ್ ಸಡಿಲ. ಡ್ರ್ಯಾಗ್ ಕಾರಿನಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ, ಫ್ಯಾನ್ ಮೂತಿಯಲ್ಲಿ. ಅಷ್ಟುದ್ದ ವೈರಿನಲ್ಲಿ ನಷ್ಟ ಆಗದೆ ಇರುತ್ತದಾ? ದಪ್ಪ ವೈರ್ ಎಳೆಯಿರಿ, ಫ್ಯಾನಿನ ಅರ್ಥ್ ಅನ್ನು ಹತ್ತಿರದ ತಗಡಿಗೆ ಸಿಕ್ಕಿಸದೆ ನೇರ ಬ್ಯಾಟರಿಗೆ ಕೊಡಿ. ರಿಲೇ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇದ್ದರೆ ಅದನ್ನು ಬದಲಿಸಿ.

ಕರೆಂಟ್ ಸರಿ ಇದೆ, ಗಾಳಿ ಸಾಲದು ಅಂದರೆ ರೇಡಿಯೇಟರಿನ ರೆಕ್ಕೆಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಟ್ರ್ಯಾಕಿನ ಅಂಟು ರಬ್ಬರ್ ಚೂರು, ಮುಂದಿನ ಕಾರುಗಳ ಬರ್ನ್‌ಔಟ್ ಎಬ್ಬಿಸಿದ ಕಸ, ಎಣ್ಣೆಯ ಮಂಜು ಎಲ್ಲಾ ಸೇರಿ ಒಂದು ಪದರ ಕಟ್ಟಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇನ್ನೂ ಕೆಡುತ್ತದೆ.

ಒಳಗಡೆ ಕಟ್ಟಿಕೊಂಡಿದೆಯಾ ಅಂತ ನೋಡಲು ಬಿಸಿ ರೇಡಿಯೇಟರಿನ ಮೇಲೆ ಇನ್‌ಫ್ರಾರೆಡ್ ಗನ್ ಆಡಿಸಿ. ಒಳಬರುವ ಬದಿಯಿಂದ ಹೊರಹೋಗುವ ಬದಿಗೆ ತಾಪ ಮೆಲ್ಲಗೆ ಇಳಿಯಬೇಕು. ಮಧ್ಯೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಆ ಕೊಳವೆಗಳಲ್ಲಿ ನೀರು ಹೋಗುತ್ತಿಲ್ಲ.

ಗಾಳಿಯೂ ನೀರೂ ಸರಿ ಇದ್ದು ಬಿಸಿ ಏರುತ್ತಿದ್ದರೆ ಇಗ್ನಿಶನ್ ಟೈಮಿಂಗ್ ನೋಡಿ. ಕಿಡಿ ತಡವಾಗಿ ಬಿದ್ದರೆ ಬೆಂಕಿ ಎಕ್ಸಾಸ್ಟ್ ಪೋರ್ಟಿನವರೆಗೂ ಉರಿಯುತ್ತಾ ಹೋಗುತ್ತದೆ, ಹೆಡ್ ಕಾಯುತ್ತದೆ. ಸುಲಭ ಸ್ಟಾರ್ಟ್‌ಗೆ ಅಂತ ಹಾಕಿದ ಕಿಡಿ ತಡ ಮಾಡುವ ರಿಟಾರ್ಡ್ ಸ್ವಿಚ್ ಆನ್ ಆಗಿಯೇ ಉಳಿದಿದ್ದರೆ ಹೀಗಾಗುತ್ತದೆ. ಐಡಲ್‌ನಲ್ಲೇ ಹೆಡರ್ (ಎಕ್ಸಾಸ್ಟ್) ಪೈಪುಗಳು ಕೆಂಪಗಾಗುತ್ತಿದ್ದರೆ ಇಲ್ಲೇ ಹುಡುಕಿ. ಐಡಲ್ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿದ್ದರೂ ಬಿಸಿ ಜಾಸ್ತಿ.

ಓಟದ ಮಧ್ಯೆ ಎಗರಿದರೆ

ಇದು ಗಂಭೀರ. ಸಾಲಿನಲ್ಲಿ 70ರಲ್ಲಿ ನಿಂತಿದ್ದ ಮುಳ್ಳು ಗೆರೆ ದಾಟುವಾಗ 110 ಮುಟ್ಟಿ, ಪಿಟ್‌ಗೆ ಬರುವಷ್ಟರಲ್ಲಿ ತಾನೇ ಇಳಿದು ಕೂತಿದ್ದರೆ ಖುಷಿಪಡಬೇಡಿ. ಮೇಲಿನ ಲೆಕ್ಕದ ಪ್ರಕಾರ ಒಂದು ಓಟಕ್ಕೆ 40 ಡಿಗ್ರಿ ಏರಲು ಕಾರಣವೇ ಇಲ್ಲ. ಒಂದೋ ನೀರು ಓಡಾಡುತ್ತಿಲ್ಲ, ಇಲ್ಲವೇ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ.

ಮೊದಲ ಸಾಕ್ಷಿ ಕ್ಯಾಚ್ ಕ್ಯಾನ್. ರೇಡಿಯೇಟರಿನಿಂದ ಉಕ್ಕಿದ ನೀರು ಟ್ರ್ಯಾಕಿಗೆ ಚೆಲ್ಲಬಾರದು ಅಂತ ಕನಿಷ್ಠ ಒಂದು ಪೈಂಟ್, ಅಂದರೆ ಅರ್ಧ ಲೀಟರಿನಷ್ಟು ಹಿಡಿಯುವ ಕ್ಯಾನ್ ಇಡಬೇಕು ಅನ್ನುವುದು ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮ. ಓಟಕ್ಕೆ ಮುಂಚೆ ಅದನ್ನು ಖಾಲಿ ಮಾಡಿ, ಒರೆಸಿ ಇಡಿ. ಓಟ ಮುಗಿದ ಮೇಲೆ ನಾಲ್ಕು ಹನಿ ಇದ್ದರೆ ಚಿಂತೆ ಇಲ್ಲ. ತುಂಬಿ ಚೆಲ್ಲಿದ್ದರೆ ನೀರನ್ನು ಯಾವುದೋ ಒತ್ತಡ ಹೊರಗೆ ತಳ್ಳಿದೆ.

ಸುಲಭದ್ದನ್ನು ಮೊದಲು ಮುಗಿಸಿ. ರೇಡಿಯೇಟರ್ ಮುಚ್ಚಳವನ್ನು ಪ್ರೆಶರ್ ಟೆಸ್ಟರಿಗೆ ಹಾಕಿ ಪಂಪ್ ಮಾಡಿ. 15 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ) ಅಂತ ಬರೆದ ಮುಚ್ಚಳ 8ಕ್ಕೇ ಬಿಟ್ಟುಕೊಟ್ಟರೆ ಎಸೆದು ಹೊಸದು ತನ್ನಿ. 15 ಪಿಎಸ್‌ಐ ಹಿಡಿದರೆ ಸಮುದ್ರ ಮಟ್ಟದಲ್ಲಿ ಬರೀ ನೀರು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ಸೋತರೆ ಆ ಕಾವಲು ಹೋಗುತ್ತದೆ, ಹೆಡ್ಡಿನ ಒಳಗೆ ಎಕ್ಸಾಸ್ಟ್ ವಾಲ್ವ್ ಸುತ್ತ ಹಬೆ ಏಳುತ್ತದೆ.

ಆಮೇಲೆ ಕೆಳಗಿನ ಹೋಸ್. ಪಂಪ್ ಇದರಿಂದಲೇ ನೀರು ಎಳೆಯುವುದು. ಹೋಸ್ ಮೆತ್ತಗಾಗಿದ್ದರೆ ಎಳೆತಕ್ಕೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಐಡಲ್‌ನಲ್ಲಿ ಗೊತ್ತಾಗುವುದಿಲ್ಲ. ಬೆಲ್ಟಿನ ಪಂಪ್ ಇದ್ದರೆ ಎಂಜಿನ್ ವೇಗ ಏರಿಸಿ ಹೋಸ್ ನೋಡಿ. ಹೀಗೆ ನೋಡುವಾಗ ಬೆಲ್ಟ್ ಮತ್ತು ಫ್ಯಾನಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ಬೆಲ್ಟಿನ ಪಂಪ್ 7,000 ಆರ್‌ಪಿಎಂನಲ್ಲಿ ನೀರಿನ ಬದಲು ಗುಳ್ಳೆ ಕಡೆಯಲೂ ಬಹುದು. ದೊಡ್ಡ ಪುಲ್ಲಿ ಹಾಕಿ ಅದರ ವೇಗ ತಗ್ಗಿಸುವುದು ಮದ್ದು.

ಕರೆಂಟಿನ ಪಂಪ್ ಇದ್ದರೆ ಓಟದ ಹೊತ್ತಿನಲ್ಲಿ ಅದಕ್ಕೆ ಎಷ್ಟು ವೋಲ್ಟ್ ಸಿಗುತ್ತದೆ ಅಂತ ಸೆನ್ಸರ್ ಅಂಕಿಗಳನ್ನು ದಾಖಲಿಸುವ ಡೇಟಾ ಲಾಗರಿನಲ್ಲಿ ನೋಡಿ. ಪ್ಲಸ್ ಮೈನಸ್ ಉಲ್ಟಾ ಆದ ಪಂಪ್ ಕೂಡ ನೀರನ್ನು ಸರಿಯಾದ ದಿಕ್ಕಿಗೇ ತಳ್ಳುತ್ತದೆ, ಆದರೆ ತೀರಾ ಕಮ್ಮಿ. ರೇಡಿಯೇಟರ್ ಬಾಯಿಂದ ಇಣುಕಿದರೆ ನೀರು ಹರಿಯುವುದು ಕಾಣುತ್ತದೆ, ಪಂಪ್ ಸರಿ ಇದೆ ಅಂತ ಮುಂದೆ ಹೋಗಿಬಿಡುತ್ತೀರಿ. ಹಾಗಾಗಿ ವೈರಿನ ಬಣ್ಣ ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಇಷ್ಟೆಲ್ಲಾ ಸರಿ ಇದ್ದರೆ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರಲೇಬೇಕು.

ರಾತ್ರಿಯೆಲ್ಲಾ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿನಲ್ಲಿ ಈ ಪರೀಕ್ಷೆ ಮಾಡಿ. ಮುಚ್ಚಳ ತೆಗೆದು ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ ಹಾಕಿ, ಆಲಿಕೆಯಲ್ಲಿ ಅರ್ಧದವರೆಗೆ ನೀರು ತುಂಬಿ. ಎಂಜಿನ್ ಸ್ಟಾರ್ಟ್ ಮಾಡಿ. ಮೊದಲು ದೊಡ್ಡ ಗುಳ್ಳೆಗಳು ಗೊಳಕ್ ಗೊಳಕ್ ಅಂತ ಬಂದು ನೀರಿನ ಮಟ್ಟ ಇಳಿಯುತ್ತದೆ. ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ, ಅದಕ್ಕೆ ಕೊನೆ ಇದೆ. ಹೆಡ್ ಗ್ಯಾಸ್ಕೆಟ್ ಗುಳ್ಳೆಗಳಿಗೆ ಕೊನೆ ಇಲ್ಲ. ಸಾಸಿವೆ ಕಾಳಿನಷ್ಟು ಸಣ್ಣವು, ಒಂದೇ ಸಮನೆ ಬರುತ್ತಿರುತ್ತವೆ. ಆಕ್ಸಿಲರೇಟರ್ ಮುಟ್ಟಿದರೆ ಜಾಸ್ತಿಯಾಗುತ್ತವೆ. ಒಂದೊಂದೇ ಪ್ಲಗ್ ವೈರ್ ತೆಗೆದು ಅರ್ಥ್ ಮಾಡುತ್ತಾ ಹೋದರೆ, ಕೆಟ್ಟ ಸಿಲಿಂಡರಿನದು ತೆಗೆದಾಗ ಗುಳ್ಳೆ ಕಮ್ಮಿಯಾಗುವುದು ಕಣ್ಣಿಗೇ ಕಾಣುತ್ತದೆ. ಇಗ್ನಿಶನ್ ಬಾಕ್ಸಿನ ಹೊಡೆತ ಜೋರು, ಬರಿಗೈಯಲ್ಲಿ ವೈರ್ ಮುಟ್ಟಬೇಡಿ.

ರೇಡಿಯೇಟರ್ ಬಾಯಿಗೆ ಹಿಡಿಯುವ ಕೆಮಿಕಲ್ ಟೆಸ್ಟರ್ ಕೂಡ ಸಿಗುತ್ತದೆ. ಸುಟ್ಟ ಗ್ಯಾಸ್ ತಗಲಿದರೆ ಅದರ ನೀಲಿ ದ್ರವ ಹಳದಿಗೆ ತಿರುಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನೂ ಸಾಲಾಗಿ ಜೋಡಿಸಿ ನೋಡಿ. ಏಳು ಪ್ಲಗ್ ಒಂದೇ ಬಣ್ಣ ಇದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಲೀಕ್‌ಡೌನ್ ಟೆಸ್ಟಿನಲ್ಲಿ ಪಿಸ್ಟನ್ ಮೇಲಿರುವಾಗ ಸಿಲಿಂಡರಿಗೆ ಗಾಳಿ ತುಂಬಿ ರೇಡಿಯೇಟರ್ ಬಾಯಿ ನೋಡುತ್ತಾ ನಿಲ್ಲಿ. ಗುಳ್ಳೆ ಬಂದರೆ ಮುಗಿಯಿತು, ಹೆಡ್ ಬಿಚ್ಚಬೇಕು.

ಕಷ್ಟದ ಕೇಸ್ ಬೇರೆ ಇದೆ. ಪಿಟ್‌ನಲ್ಲಿ ಎಲ್ಲಾ ಪರೀಕ್ಷೆಯೂ ಪಾಸ್. ಓಟದಲ್ಲಿ ಮಾತ್ರ ನೀರು ಉಕ್ಕುತ್ತದೆ. ನೈಟ್ರಸ್ (ಪವರ್ ಏರಿಸಲು ಬಿಡುವ ಗ್ಯಾಸ್) ಅಥವಾ ಟರ್ಬೊ ಇರುವ ಕಾರುಗಳಲ್ಲಿ ಇದು ಜಾಸ್ತಿ. ಪೂರ್ತಿ ಒತ್ತಡ ಬಂದಾಗ ಹೆಡ್ ಕೂದಲೆಳೆಯಷ್ಟು ಮೇಲೇಳುತ್ತದೆ, ಒತ್ತಡ ಇಳಿದಾಗ ಮತ್ತೆ ಕೂರುತ್ತದೆ. ಲೀಕ್‌ಡೌನಿನ 100 ಪಿಎಸ್‌ಐ ಗಾಳಿಗೆ ಅದು ಏಳುವುದೇ ಇಲ್ಲ. ಇದನ್ನು ಹಿಡಿಯಲು ನೀರಿನ ದಾರಿಯಲ್ಲಿ ಒಂದು ಪ್ರೆಶರ್ ಸೆನ್ಸರ್ ಕೂರಿಸಿ ಡೇಟಾ ಲಾಗರಿಗೆ ಕೊಡಿ. ಶಾಖದಿಂದ ಏರುವ ಒತ್ತಡ ನಿಧಾನ, ಲಾಗರಿನ ಗೆರೆ ಮೆಲ್ಲಗೆ ಮೇಲೆ ಹೋಗುತ್ತದೆ. ಗ್ಯಾಸ್ ನುಗ್ಗಿದರೆ ಗೆರೆ ಥ್ರಾಟಲ್ ಜೊತೆಗೇ ನೆಟ್ಟಗೆ ಎದ್ದು ನಿಲ್ಲುತ್ತದೆ. ಗೇರ್ ಬದಲಿಸಿದ ಜಾಗ, ನೈಟ್ರಸ್ ಬಿಟ್ಟ ಜಾಗ ಎಲ್ಲಾ ಅದರಲ್ಲೇ ಓದಬಹುದು. ಡ್ರ್ಯಾಗ್ ಕಾರಿಗೆ ನಾನು ಒಂದೇ ಒಂದು ಹೆಚ್ಚಿನ ಸೆನ್ಸರ್ ಹಾಕಬಹುದು ಅಂದರೆ ಇದನ್ನೇ ಹಾಕುತ್ತೇನೆ. ಮುಳ್ಳು ಏಳುವ ಮುಂಚೆಯೇ ಇದು ಸುದ್ದಿ ಕೊಡುತ್ತದೆ. ಒಳ್ಳೆ ಹೆಡ್ ಒಂದು ಬೆಂದು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಂಜಿನ್ ಆರಿಸಿದ ಮೇಲೆ ಏರಿದರೆ

ಇದು ಒಂದು ಮಿತಿಯವರೆಗೆ ದೋಷವೇ ಅಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಸುಡುತ್ತಲೇ ಇರುತ್ತದಲ್ಲ, ಹಾಗೆ. ಲೋಹದ ಒಳಗಿನ ಶಾಖ ನಿಂತ ನೀರಿಗೆ ಇಳಿಯುತ್ತದೆ, ಗೇಜು ಏರುತ್ತದೆ. ಕರೆಂಟಿನ ಪಂಪಿನ ದೊಡ್ಡ ಲಾಭ ಇಲ್ಲಿದೆ. ಎಂಜಿನ್ ಆರಿಸಿ, ಪಂಪ್ ಮತ್ತು ಫ್ಯಾನ್ ಓಡುತ್ತಿರಲಿ, ಪಿಟ್‌ಗೆ ಬಂದ ಕೂಡಲೇ ಚಾರ್ಜರ್ ಸಿಕ್ಕಿಸಿ. ಕಾಲು ಗಂಟೆಯಲ್ಲಿ ಗಣನೀಯವಾಗಿ ಇಳಿಯಬೇಕು. ಪಂಪೂ ಫ್ಯಾನೂ ಓಡುತ್ತಿದ್ದರೂ ಇಳಿಯದಿದ್ದರೆ ರೇಡಿಯೇಟರಿನ ಒಳ-ಹೊರ ಹೋಸ್‌ಗಳ ತಾಪ ಅಳೆಯಿರಿ. ಒಳಗೆ ಹೋಗುವುದು ಸುಡುತ್ತಿದ್ದು ಹೊರಬರುವುದು ತಣ್ಣಗಿದ್ದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಗಾಳಿ ಸಿಕ್ಕಿಕೊಂಡಿರಬಹುದು. ಎರಡೂ ಒಂದೇ ಬಿಸಿ ಇದ್ದರೆ ನೀರು ಹರಿಯುತ್ತಿದೆ, ಗಾಳಿ ಅದರ ಶಾಖ ತೆಗೆಯುತ್ತಿಲ್ಲ.

ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ಬಿಸಿ ಬ್ಲಾಕಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಹೊರಗಿನಿಂದ ರೇಡಿಯೇಟರಿನ ಮೇಲೆ ನೀರು ಸಿಂಪಡಿಸಿ ಫ್ಯಾನ್ ಬಿಟ್ಟರೆ ಬೇಗ ಇಳಿಯುತ್ತದೆ. ಆದರೆ ಒರೆಸಿ, ಒಂದು ಹನಿಯೂ ಟೈರಿಗೆ ಹೋಗದಂತೆ ನೋಡಿಕೊಂಡು ಮತ್ತೆ ಸಾಲಿಗೆ ಹೋಗಿ.

ಲೋನಾವಳಾ ಹತ್ತಿರದ ಆಂಬಿ ವ್ಯಾಲಿ ರನ್‌ವೇಯಲ್ಲಿ ನಮ್ಮವರು ಓಡಿಸುವಂಥ ಟರ್ಬೊ ಕಾರುಗಳಿಗೆ ಇನ್ನೊಂದು ಮಾತು. ಅಲ್ಲಿ ಎಂಜಿನ್ ನೀರು ಸರಿಯಾಗಿದ್ದರೂ ಎರಡನೇ ಓಟ ನಿಧಾನವಾದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನೋಡಿ. ಬಿಸಿಲಲ್ಲಿ ಸಾಲಿನಲ್ಲಿ ನಿಂತು ಅದು ಕಾದಿರುತ್ತದೆ, ಒಳಹೋಗುವ ಗಾಳಿ ಬಿಸಿಯಾಗಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ನೀರಿನ ಗೇಜಿನಲ್ಲಿ ಇದು ಕಾಣುವುದಿಲ್ಲ, ಇನ್‌ಟೇಕ್ ಗಾಳಿಯ ತಾಪ ನೋಡಬೇಕು.

ಗಾಳಿ ಸಿಕ್ಕಿಕೊಳ್ಳುವುದು, ನೀರು, ಥರ್ಮೋಸ್ಟಾಟ್

ಸ್ಮಾಲ್ ಬ್ಲಾಕ್ ಶೆವಿಯಲ್ಲಿ ನೀರು ಮುಂದಿನಿಂದ ಬಂದು ಮುಂದಿನಿಂದಲೇ ಹೊರಗೆ ಹೋಗುತ್ತದೆ. ಹಾಗಾಗಿ ಹೆಡ್‌ಗಳ ಹಿಂಭಾಗದಲ್ಲಿ ಹಬೆ ನಿಲ್ಲುವ ಚಾಳಿ ಇದೆ. ನೀರು ತುಂಬುವಾಗ ಕಾರಿನ ಮೂತಿ ಜ್ಯಾಕ್ ಹಾಕಿ ಎತ್ತಿ, ರೇಡಿಯೇಟರ್ ಬಾಯಿಯೇ ಎಲ್ಲಕ್ಕಿಂತ ಮೇಲಿರಲಿ. ಇನ್‌ಟೇಕಿನ ಹಿಂದಿನ ಮೂಲೆಗಳಿಂದ ಮುಂದಕ್ಕೆ ಸಣ್ಣ ಹೋಸ್ ಎಳೆದರೆ ಹಬೆಗೆ ದಾರಿಯಾಗುತ್ತದೆ. 400 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ಆಗಿದ್ದರೆ ಇನ್ನೊಂದು ವಿಷಯ ನೋಡಲೇಬೇಕು. ಅದರ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ನೀರು ಹೋಗುವುದಿಲ್ಲ. ಅದಕ್ಕೇ ಬ್ಲಾಕಿನ ಮೇಲ್ಮೈಯಲ್ಲಿ ಹಬೆ ಹೋಗುವ ಸಣ್ಣ ತೂತುಗಳನ್ನು ಕೊಟ್ಟಿದ್ದಾರೆ. 350ರ ಹೆಡ್ ಮತ್ತು ಗ್ಯಾಸ್ಕೆಟ್ ತಂದು ಹಾಗೇ ಕೂರಿಸಿದರೆ ಆ ತೂತುಗಳು ಮುಚ್ಚಿಹೋಗುತ್ತವೆ. ಆಮೇಲೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ತಾಪಕ್ಕೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟ್ ತೆಗೆದರೆ ನೀರು ಜೋರಾಗಿ ಓಡಿ ರೇಡಿಯೇಟರಿನಲ್ಲಿ ತಣಿಯಲು ಪುರುಸೊತ್ತೇ ಸಿಗುವುದಿಲ್ಲ ಅನ್ನುವ ಮಾತು ಪಿಟ್‌ನಲ್ಲಿ ತುಂಬಾ ಓಡಾಡುತ್ತದೆ. ಅದು ತಪ್ಪು. ನೀರು ಜೋರಾಗಿ ಹರಿದಷ್ಟೂ ಶಾಖ ಹೆಚ್ಚು ಸಾಗುತ್ತದೆ. ಥರ್ಮೋಸ್ಟಾಟ್ ಜಾಗದಲ್ಲಿ ತೂತಿನ ತಗಡು ಹಾಕಿದಾಗ ಕೆಲವು ಎಂಜಿನ್ ಸುಧಾರಿಸುವುದು ನಿಜ. ಕಾರಣ ಬೇರೆ. ತಗಡಿನ ಹಿಂದೆ ಬ್ಲಾಕಿನಲ್ಲಿ ಒತ್ತಡ ಏರುತ್ತದೆ, ಹೆಡ್ಡಿನ ಬಿಸಿ ಜಾಗಗಳಲ್ಲಿ ನೀರು ಹಬೆಯಾಗುವುದು ತಪ್ಪುತ್ತದೆ.

ಎಷ್ಟೋ ಸ್ಟ್ರಿಪ್‌ಗಳಲ್ಲಿ ಗ್ಲೈಕೋಲ್ ಇರುವ ಕೂಲಂಟ್ ಬಿಡುವುದಿಲ್ಲ. ಟ್ರ್ಯಾಕಿಗೆ ಬಿದ್ದರೆ ಜಾರುತ್ತದೆ, ಒರೆಸಿದರೂ ಬೇಗ ಹೋಗುವುದಿಲ್ಲ. ಡಿಸ್ಟಿಲ್ಡ್ ನೀರಿಗೆ ತುಕ್ಕು ತಡೆಯುವ ದ್ರವ ಸೇರಿಸಿ ಬಳಸಿ. ಬೆಂಗಳೂರಿನ ಬೋರ್‌ವೆಲ್ ನೀರು ಹಾಕುವವರಿಗೂ ಇದೇ ಮಾತು. ಗೀಸರ್ ಕಾಯಿಲಿನ ಮೇಲೆ ಕಟ್ಟುವ ಆ ಬಿಳಿ ಪದರವೇ ಹೆಡ್ಡಿನ ಒಳಗೂ ಕಟ್ಟುತ್ತದೆ. ಚಳಿಗಾಲಕ್ಕೆ ನೀರು ಹೆಪ್ಪುಗಟ್ಟುವ ಊರಿನಲ್ಲಿದ್ದರೆ ಸೀಸನ್ ಮುಗಿದ ದಿನವೇ ಬ್ಲಾಕಿನ ಎರಡೂ ಬದಿಯ ಪ್ಲಗ್ ತೆಗೆದು ನೀರು ಬಸಿಯಿರಿ.

ನೀರು ತಣ್ಣಗಿದ್ದು ಎಣ್ಣೆ ಮಾತ್ರ ಸುಡುತ್ತಿದ್ದರೆ ಬ್ಲಾಕಿಗೆ ಗಟ್ಟಿತನಕ್ಕೆಂದು ಸಿಮೆಂಟಿನಂಥ ಫಿಲ್ಲರ್ ತುಂಬಿದ್ದಾರಾ ಕೇಳಿ. ಹಳೆ ಎಂಜಿನ್ ಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ಸಿಲಿಂಡರಿನ ಕೆಳಭಾಗಕ್ಕೆ ನೀರು ಹೋಗದ ಕಾರಣ ಆ ಶಾಖವನ್ನು ಎಣ್ಣೆ ಹೊರಬೇಕಾಗುತ್ತದೆ. ಅಂಥ ಎಂಜಿನ್ನಿಗೆ ಎಣ್ಣೆಯ ತಾಪದ ಗೇಜ್ ಬೇಕೇ ಬೇಕು.

ಹೆಡ್ ಬಿಚ್ಚಿ ಕಟ್ಟಿದ ಮೇಲೆ

ಗ್ಯಾಸ್ಕೆಟ್ ಹೋಗಿದೆ ಅಂತ ಖಾತ್ರಿಯಾಗಿ ಹೆಡ್ ಬಿಚ್ಚಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ಹೆಡ್ ಮತ್ತು ಬ್ಲಾಕಿನ ಮೇಲ್ಮೈಗೆ ನೇರ ಪಟ್ಟಿ ಹಿಡಿದು ಫೀಲರ್ ಗೇಜ್ ತೂರಿಸಿ ನೋಡಿ. ಉದ್ದಕ್ಕೂ 0.1 ಮಿಲಿಮೀಟರ್ ದಾಟಿ ಬಾಗಿದ್ದರೆ ಮಷೀನ್ ಶಾಪಿಗೆ ಕೊಡಬೇಕು. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕುವುದಾದರೆ ಅದಕ್ಕಿಂತ ನಯವಾದ ಮೇಲ್ಮೈ ಬೇಕು. ತುಂಬಾ ಬಿಸಿ ಕಂಡ ಅಲ್ಯೂಮಿನಿಯಂ ಹೆಡ್ ಮೆತ್ತಗಾಗಿರಬಹುದು, ಅದರ ಗಟ್ಟಿತನವನ್ನೂ ಅಳೆಸಿ.

ಸ್ಮಾಲ್ ಬ್ಲಾಕಿನ ಹೆಡ್ ಬೋಲ್ಟ್‌ಗಳ ತುದಿ ನೀರಿನ ದಾರಿಗೆ ಇಳಿಯುತ್ತದೆ. ಎಳೆಗಳಿಗೆ ಸೀಲಂಟ್ ಹಚ್ಚದಿದ್ದರೆ ನೀರು ಬೋಲ್ಟಿನ ಗುಂಟ ಹತ್ತಿ ಎಣ್ಣೆಗೆ ಸೇರುತ್ತದೆ. ಆಗ ಹೊಸ ಗ್ಯಾಸ್ಕೆಟ್ಟನ್ನೇ ಮತ್ತೆ ಬೈಯುತ್ತಾ ಕೂರುತ್ತೀರಿ. ಬಿಗಿ ಮಾಡುವ ಅಂಕಿ ಬೋಲ್ಟ್ ಅಥವಾ ಸ್ಟಡ್ ಮಾಡಿದವರು ಕೊಟ್ಟದ್ದೇ ಇರಲಿ, ಅವರು ಹೇಳಿದ ಎಣ್ಣೆಯನ್ನೇ ಹಚ್ಚಿ. ಬೇರೆ ಎಣ್ಣೆ ಹಚ್ಚಿದರೆ ಅದೇ ಅಂಕಿಗೆ ಬೇರೆ ಬಿಗಿತ ಬರುತ್ತದೆ.

ಕಟ್ಟಿ ಮುಗಿಸಿದ ಮೇಲೆ ತಣ್ಣಗಿರುವಾಗ ಕೈಪಂಪಿನಿಂದ 15 ಪಿಎಸ್‌ಐ ತುಂಬಿ ಹತ್ತು ನಿಮಿಷ ಬಿಡಿ. ಮುಳ್ಳು ಕದಲಬಾರದು. ಆಮೇಲೆ ಪಿಟ್‌ನಲ್ಲಿ ಎಂಜಿನ್ ಓಡಿಸಿ 80 ಮುಟ್ಟಿಸಿ, ಫ್ಯಾನ್ ಹಾಕಿ 65ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕು ಅಂತ ಬರೆದಿಡಿ. ಹೊರಗಿನ ತಾಪ, ಬ್ಯಾಟರಿಯ ವೋಲ್ಟ್ ಎರಡನ್ನೂ ಪಕ್ಕದಲ್ಲೇ ಬರೆಯಿರಿ. ಮುಂದೆ ಯಾವತ್ತಾದರೂ ಅಷ್ಟೇ ಬಿಸಿಲು, ಅಷ್ಟೇ ವೋಲ್ಟ್ ಇದ್ದು ಸಮಯ ಜಾಸ್ತಿ ಹಿಡಿಯಿತು ಅಂದರೆ, ಸಾಲಿಗೆ ಹೋಗುವ ಮುಂಚೆ ರೇಡಿಯೇಟರ್ ರೆಕ್ಕೆಗಳಿಂದ ಹುಡುಕಲು ಶುರು ಮಾಡಿ.